ನಡುವೆ ಅಪ್ಪಯ್ಯನ ಜಾಗ

"ನನ್ನ ಬ್ಯಾಡ... ಪೆಟ್ಟಿ ಹಿಡ್ಕಣಿ, ಪೆಟ್ಟಿ!"

ಇಳಿಜಾರಿನ ತಿರುವಿನಿಂದ ಮೊದಲು ಬಂದದ್ದು ಈ ಕೂಗು. ಅದರ ಹಿಂದೆ ಬೈಕು. ಬೈಕಿನ ಹಿಂದೆ, ಬೈಕಿನಿಂದ ಬೇರೆಯಾಗಿ ಜಾರುತ್ತಾ, ಅದನ್ನು ಓಡಿಸುತ್ತಿದ್ದವನು.

ಸ್ನೇಹಲತಾ ಯೋಚಿಸಲಿಲ್ಲ. ಕೆಂಪು ಜಲ್ಲಿಯ ಮೇಲೆ ಉರುಳಿಕೊಂಡು ಬರುತ್ತಿದ್ದ ನೀಲಿ ಪೆಟ್ಟಿಗೆಯನ್ನು ಬಾಚಿ ಎದೆಗೊತ್ತಿಕೊಂಡಳು. ಬೈಕು ಗೇರುಮರದ ಬುಡಕ್ಕೆ ಹೋಗಿ ನಿಂತಿತು. ಅವನು ಅವಳ ಕಾಲ ಹತ್ತಿರ ಬಂದು ನಿಂತ. ನಿಂತ ಅನ್ನುವುದಕ್ಕಿಂತ, ಮಲಗಿದ.

"ಅಲ್ಲಾಡ್ಸ್ಬೇಡಿ ಅದನ್ನ..." ಮಲಗಿದಲ್ಲಿಂದಲೇ ಅಂದ.

ಅವಳು ಅಲ್ಲಾಡಿಸಲಿಲ್ಲ. ಅವನನ್ನು ಎಬ್ಬಿಸಲೂ ಇಲ್ಲ. ಎಳೆಮಗುವನ್ನು ಹಿಡಿದವರ ಹಾಗೆ ಪೆಟ್ಟಿಗೆ ಹಿಡಿದು ಹಾಗೇ ನಿಂತಳು. ಅಪರಿಚಿತ ಗಂಡಸಿನ ಕೈ ಹಿಡಿದು ಎಬ್ಬಿಸುವುದು ಹೇಗೆ? ಪೆಟ್ಟಿಗೆ ಕೈಯಲ್ಲಿದ್ದದ್ದೇ ಒಳ್ಳೆಯದಾಯಿತು.

ದಾರಿಯ ಪಕ್ಕದ ನೆರಳಿನಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಇತ್ತು. ಕುರ್ಚಿಯಲ್ಲಿ ಅವಳ ಅಪ್ಪಯ್ಯ, ಮಂಜಯ್ಯ. ಕುರ್ಚಿಯ ಪಕ್ಕ ಬೆವರು ಒರೆಸುತ್ತಾ ನೆರೆಮನೆಯ ಬಚ್ಚಣ್ಣ. ಇಬ್ಬರೂ ಬಿದ್ದವನನ್ನು ನೋಡಿದರು.

"ಅದ್ರಗೆ ಎಂತ ಇತ್ತ್ ಮಾಣಿ?" ಅಪ್ಪಯ್ಯ ಕೇಳಿದ.

"ರಕ್ತ."

"ಯಾರದ್ದ್?"

"ಮೇಲಿನ ಮನೆಯೋರದ್ದ್. ಟೆಸ್ಟಿಗೆ. ಕುಂದಾಪುರದ ಲ್ಯಾಬಿಗೆ ಮುಟ್ಟಿಸ್ಬೇಕ್."

"ಮೊಣಕೈಯಿಂದ ನಿನ್ನದ್ದೂ ಇಳೀತಾ ಇತ್ತಲೆ. ಅದನ್ನೂ ತುಂಬ್ಸ್ಕೊ ಕಾಂಬ."

ಬಚ್ಚಣ್ಣ ನಕ್ಕ. ಬಿದ್ದವನೂ ನಕ್ಕ. ಸ್ನೇಹಲತಾ ಅಪ್ಪಯ್ಯನ ಮುಖ ನೋಡಿದಳು. ಅಪ್ಪಯ್ಯ ತಮಾಷೆ ಮಾಡಿದ್ದಾನೆ! ಡಯಾಲಿಸಿಸ್ ಶುರುವಾದ ಮೇಲೆ ಇದೇ ಮೊದಲು.

ಅವನ ಹೆಸರು ರತನ್. ಮುಂಬೈಯಲ್ಲಿ ಮಾವನ ಕ್ಯಾಂಟೀನಿನಲ್ಲಿ ಇದ್ದು, ಅಲ್ಲಿಯೇ ಲ್ಯಾಬಿನ ಕೆಲಸ ಕಲಿತು, ಊರಿಗೆ ತಿರುಗಿ ಬಂದವನು. ಬೈಂದೂರಿನ ಒಳಗಿನ ಗುಡ್ಡದ ಮನೆಗಳಿಗೆ ಬೆಳಿಗ್ಗೆ ಬೆಳಿಗ್ಗೆ ಹೋಗಿ ರಕ್ತ ತೆಗೆದು ಕುಂದಾಪುರಕ್ಕೆ ಒಯ್ಯುವುದು ಅವನ ಕೆಲಸ.

"ಕುರ್ಚಿಯಗೆ ಎಲ್ಲಿಗ್ ಹೊರಟದ್ದ್?" ಅವನು ಕೇಳಿದ.

"ಟಾರ್ ರೋಡಿನ ತನಕ. ರಿಕ್ಷಾದೋರ್ ಈ ದಾರಿ ಹತ್ತುದಿಲ್ಲೆ. ಅಲ್ಲಿಂದ ಕುಂದಾಪುರ, ಡಯಾಲಿಸಿಸಿಗೆ," ಅಂದ ಬಚ್ಚಣ್ಣ. "ಮುಂದೆ ನಾನ್ ಹಿಡಿತೆ, ಹಿಂದೆ ಈ ಹೆಣ್ಣ್."

ರತನ್ ಆಗ ಅವಳ ಕೈಗಳನ್ನು ನೋಡಿದ. ಗೇರುಬೀಜದ ಕಾರ್ಖಾನೆಯಲ್ಲಿ ಸಿಪ್ಪೆ ತೆಗೆದು ತೆಗೆದು ಕಪ್ಪಾಗಿದ್ದ ಬೆರಳುಗಳು. ಕುರ್ಚಿಯ ಕಾಲು ಒತ್ತಿ ಅಂಗೈಯಲ್ಲಿ ಕೆಂಪು ಗೆರೆ. ಅವಳು ಪೆಟ್ಟಿಗೆಯನ್ನು ಅವನಿಗೆ ಕೊಟ್ಟು ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡಳು.

"ನಾನೂ ಅಲ್ಲಿಗೇ ಹೋಪುದಲ್ದಾ," ಅಂದ ಅವನು. "ಹತ್ತಿ ಮಂಜಣ್ಣ."

"ಈಗ ಬಿದ್ದವನ ಹಿಂದೆಯಾ?" ಅಂದ ಅಪ್ಪಯ್ಯ.

"ಇವತ್ತಿಂದ್ ಬಿದ್ದಾಯ್ತಲೆ. ಇನ್ ಬೀಳುದಿಲ್ಲೆ."

*

ಹಾಗೆ ಶುರುವಾಯಿತು.

ಮುಂದೆ ರತನ್. ನಡುವೆ ಅಪ್ಪಯ್ಯ. ಹಿಂದೆ ಸ್ನೇಹಲತಾ. ಅಪ್ಪಯ್ಯನಿಗೆ ಎಡಗೈಯಲ್ಲಿ ಏನೂ ಹಿಡಿಯುವ ಹಾಗಿರಲಿಲ್ಲ. ಡಯಾಲಿಸಿಸಿನ ಸೂಜಿ ಚುಚ್ಚಲೆಂದು ಆಪರೇಷನ್ ಮಾಡಿ ನರ ಉಬ್ಬಿಸಿದ ಕೈ ಅದು. ಅದಕ್ಕೆ ಪೆಟ್ಟು ಬಿದ್ದರೆ ಎಲ್ಲವೂ ಮೊದಲಿನಿಂದ. ಹಾಗಾಗಿ ಅವಳು ಹಿಂದಿನಿಂದ ಅಪ್ಪಯ್ಯನನ್ನು ಬಳಸಿ ಹಿಡಿದು, ಆ ಕೈಯನ್ನು ತನ್ನ ಅಂಗೈ ಮೇಲೆ ಇಟ್ಟುಕೊಳ್ಳುತ್ತಿದ್ದಳು.

ವಾರಕ್ಕೆರಡು ಸಲ. ಗೇರುಮರಗಳ ಹಾಡಿಯೊಳಗಿನ ಮಣ್ಣಿನ ದಾರಿ, ಆಮೇಲೆ ಟಾರು, ಆಮೇಲೆ ಹೈವೇ. ಒಂದು ಸಲ ಪೊಲೀಸರು ಮೂರು ಜನರನ್ನು ನೋಡಿ ಕೈ ಅಡ್ಡ ಹಾಕಿದರು. ಅಪ್ಪಯ್ಯನ ಕೈಯ ಬ್ಯಾಂಡೇಜ್ ನೋಡಿ, ಬೇರೆ ಕಡೆ ನೋಡುತ್ತಾ ನಿಂತರು.

ಅವರಿಬ್ಬರ ಮಾತೆಲ್ಲ ಅಪ್ಪಯ್ಯನ ಮೂಲಕವೇ. ರತನ್ ಮುಂದೆ ನೋಡಿಕೊಂಡು ಮಾತಾಡುತ್ತಿದ್ದ, ಗಾಳಿ ಅದನ್ನು ಅಪ್ಪಯ್ಯನ ತನಕ ತರುತ್ತಿತ್ತು, ಅಲ್ಲಿಂದ ಹಿಂದಕ್ಕೆ ಅಪ್ಪಯ್ಯ ಕಳಿಸಬೇಕು.

"ಎಂತ ಹೇಳ್ದ್ರ್ ಅಪ್ಪಯ್ಯ?"

"ನೀ ತಿಂಡಿ ತಿಂದಿದ್ಯಾ ಅಂತ ಕೇಂತ."

"ತಿಂದಿದೆ ಅಂತ ಹೇಳಿ."

"ಹೋಯ್, ತಿನ್ಲಿಲ್ಲೆ ಅಂಬ್ರ್."

"ಅಪ್ಪಯ್ಯಾ..."

ಅವಳು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು. ಅಮ್ಮ ತೀರಿಕೊಂಡ ವರ್ಷ ಅದು. ಜನರ ಎದುರು ಬಾಯಿ ಬರುತ್ತಿರಲಿಲ್ಲ; ಕಣ್ಣು ಮಾತ್ರ ಸುಮ್ಮನಿರುತ್ತಿರಲಿಲ್ಲ. ಅಪ್ಪಯ್ಯನ ಹೆಗಲ ಆಚೆ ಅವನ ಕುತ್ತಿಗೆ ಕಾಣುತ್ತಿತ್ತು. ಬಿಸಿಲಿಗೆ ಕಪ್ಪಾದ ಕುತ್ತಿಗೆ, ಕಾಲರಿನ ಒಳಗೆ ಬೆಳ್ಳಗೆ. ಹೊಂಡ ಬಂದಾಗ ಅವನು ಮೊದಲು ಉಸಿರು ಹಿಡಿಯುತ್ತಾನೆ, ಆಮೇಲೆ ಬ್ರೇಕ್ ಹಿಡಿಯುತ್ತಾನೆ. ಇದನ್ನೆಲ್ಲ ಅವಳು ಯಾರಿಗೂ ಹೇಳಲಿಲ್ಲ.

ಸಾಕಾಗುತ್ತಿತ್ತು ಅವಳಿಗೆ. ಡಯಾಲಿಸಿಸ್ ಇಲ್ಲದ ದಿನ ಕಾರ್ಖಾನೆ, ಕಾರ್ಖಾನೆ ಇಲ್ಲದ ದಿನ ಆಸ್ಪತ್ರೆಯ ಬೆಂಚು. ಆ ಬೆಂಚಿನಲ್ಲಿ ಕೂತಲ್ಲೇ ನಿದ್ದೆ ಮಾಡಲು ಕಲಿತಿದ್ದಳು. ಒಂದು ದಿನ ಎಚ್ಚರವಾದಾಗ ಮಡಿಲಲ್ಲಿ ಎರಡು ಬನ್ಸ್ ಕಟ್ಟಿದ ಪೊಟ್ಟಣ ಇತ್ತು. ಬಿಸಿ ಇನ್ನೂ ಆರಿರಲಿಲ್ಲ. ಇಟ್ಟವನು ಹೋಗಿಯಾಗಿತ್ತು.

ಬನ್ಸ್ ತಿನ್ನುತ್ತಾ ಅವಳಿಗೆ ಅಳು ಬಂತು. ಯಾಕೆ ಅಂತ ಅವಳಿಗೇ ಗೊತ್ತಾಗಲಿಲ್ಲ. ದಣಿವಿಗೆ ಇರಬೇಕು ಅಂದುಕೊಂಡಳು.

*

ಬೇಸಿಗೆ ಏರಿದಾಗ ದಾರಿಯ ಮಣ್ಣು ಹಿಟ್ಟಾಯಿತು. ಅದರ ಅಡಿಯಲ್ಲಿ ಜಲ್ಲಿ ಸಡಿಲವಾಯಿತು. ರತನ್‌ನ ಬೈಕು ಹಳೆಯದು, ಟಾರು ರಸ್ತೆಯದು, ಟಯರು ಸವೆದು ನುಣ್ಣಗಾಗಿತ್ತು.

ಮೊದಲ ದಿನ ಅವನು ಬಿದ್ದ ಅದೇ ತಿರುವಿನಲ್ಲಿ ಹಿಂದಿನ ಚಕ್ರ ಜಾರಿತು.

ಜೋರಾಗೇನೂ ಬೀಳಲಿಲ್ಲ. ನಿಧಾನಕ್ಕೆ, ದಣಿದ ಎಮ್ಮೆ ಮಲಗಿದ ಹಾಗೆ ಬೈಕು ಮಲಗಿತು. ಆದರೆ ಅಪ್ಪಯ್ಯನ ಎಡಗೈ ಕೆಳಗೆ ಹೋಯಿತು. ಸ್ನೇಹಲತಾ ತನ್ನ ಕೈಯನ್ನು ಅದರ ಅಡಿಗೆ ತಳ್ಳಿದಳು. ಜಲ್ಲಿಗೆ ಉಜ್ಜಿದ್ದು ಅವಳ ಕೈ.

ಅವಳು ತನ್ನ ಗಾಯ ನೋಡಲಿಲ್ಲ. ಅಪ್ಪಯ್ಯನ ಕೈಯ ಉಬ್ಬಿದ ನರದ ಮೇಲೆ ಬೆರಳಿಟ್ಟು ಕಣ್ಣು ಮುಚ್ಚಿದಳು. ಅದರೊಳಗೆ ರಕ್ತ ಝುಂ ಅನ್ನುತ್ತಿರಬೇಕು. ಅದು ನಿಂತರೆ...

ಝುಂ ಅನ್ನುತ್ತಿತ್ತು.

"ಇತ್ತಾ?" ರತನ್ ಕೇಳಿದ.

ಅವಳು ತಲೆಯಾಡಿಸಿದಳು. ಅವನು ದಾರಿಯ ಮೇಲೆಯೇ ಕುಕ್ಕರಗಾಲಲ್ಲಿ ಕೂತುಬಿಟ್ಟ.

"ಈ ಗಾಡಿಯಗೆ ಇನ್ ಆತಿಲ್ಲೆ," ಕಡೆಗೆ ಅವನು ಅಂದ. "ಮಣ್ಣಿಗೂ ಆಯ್ಕ್, ಟಾರಿಗೂ ಆಯ್ಕ್, ಅಂಥದ್ದೊಂದ್ ತಕಂತೆ. ಬ್ರಹ್ಮಾವರದಗೆ ಸೆಕೆಂಡ್ ಹ್ಯಾಂಡ್ ಯಾರ್ಡ್ ಇತ್ತ್. ಮಂಜಣ್ಣ ಡಯಾಲಿಸಿಸಿಗೆ ಮಲ್ಕಂಡಾಗ ಹೋಯಿ ಬಪ್ಪ." ಆಮೇಲೆ ಮೊದಲ ಸಲ, ಅಪ್ಪಯ್ಯನ ಮೂಲಕ ಅಲ್ಲದೆ, ನೇರವಾಗಿ ಅವಳನ್ನು ನೋಡಿ ಅಂದ. "ನೀವೂ ಬನ್ನಿ. ನೀವ್ ಹೇಳದ್ದನ್ನೇ ತಕಂಬುದ್."

*

ಕುಂದಾಪುರದಿಂದ ಬ್ರಹ್ಮಾವರಕ್ಕೆ ಬಸ್ಸು. ಅವಳು ಮುಂದೆ ಹೆಂಗಸರ ಸೀಟಿನಲ್ಲಿ, ಅವನು ಹಿಂದೆ.

ಬ್ರಹ್ಮಾವರದಲ್ಲಿ ಇಳಿದ ಕೂಡಲೇ ಅವನ ಫೋನು ಹೊಡೆದುಕೊಂಡಿತು. ಅವನು ಸ್ವಲ್ಪ ಆಚೆ ಹೋದ. ಆದರೂ ಅವಳಿಗೆ ಕೇಳಿಸಿತು.

"ಇಲ್ಲೆ ಅಮ್ಮ, ಈಗ ಎಂತ ಹೆಣ್ಣ್ ಕಾಂಬುದ್... ಬ್ಯಾಡ ಅಂತ ಹೇಳಿ ಅವ್ರಿಗೆ... ಹೌದ್, ಅವ್ರನ್ನ ಆಸ್ಪತ್ರೆಗೆ ಕರ್ಕಂಡ್ ಹೋಪುದ್ ಬಿಡುಕಾತಿಲ್ಲೆ... ಮನೆಗ್ ಬಂದ್ ಹೇಳ್ತೆ, ಇಡಿ ಈಗ."

ಅವಳು ಅಂಗಡಿಯೊಂದರ ಬಾಳೆಗೊನೆ ನೋಡುತ್ತಾ ನಿಂತಳು.

ಓಹೋ... ಇವರ ಮದುವೆಗೆ ಅಡ್ಡ ಕೂತದ್ದು ನಾವು.

ಯಾರ್ಡಿನವನ ಹೆಸರು ಪ್ರೇಮಾನಂದ. ಲುಂಗಿ ಮೇಲೆತ್ತಿ ಕಟ್ಟಿ, ಬಾಯಿತುಂಬ ಎಲೆಯಡಿಕೆ. ಅವನು ಎರಡು ಬೈಕುಗಳನ್ನು ನೆರಳಿನಿಂದ ಹೊರಗೆ ತಳ್ಳಿ ತಂದ.

ಒಂದು ಸಪೂರದ್ದು, ಕುದುರೆಮರಿಯ ಹಾಗೆ. ಎತ್ತರದ ಮಡ್‌ಗಾರ್ಡ್, ಉದ್ದ ಕಾಲು, ಹಲಗೆಯಂಥ ಕಿರಿದಾದ ಸೀಟು. ಇನ್ನೊಂದೂ ಎತ್ತರವೇ; ಆದರೆ ದಪ್ಪ, ಭಾರ. ದೊಡ್ಡ ಟ್ಯಾಂಕು, ಅಗಲದ ಉದ್ದ ಸೀಟು, ಹಿಂದೆ ಹಿಡಿದುಕೊಳ್ಳಲು ಕಬ್ಬಿಣದ ಗಟ್ಟಿ ಹಿಡಿ.

"ಕಾಣಿ ಸಾಹುಕಾರ್ರೆ," ಅಂದ ಪ್ರೇಮಾನಂದ. "ಗುಡ್ಡೆ ಗಿಡ್ಡೆ ಹತ್ತುಕೆ ಈ ಸಪೂರದ್ದ್. ಬಿದ್ರೂ ಒಂದ್ ಕೈಯಗೆ ಎತ್ತುಕಾತ್. ಒಬ್ನೇ ಹೋಪುದಾರೆ ಇದ್ನ ಮೀರ್ಸದ್ದ್ ಇಲ್ಲೆ. ಇದ್ ದೊಡ್ಡದ್ದ್, ಸಂಸಾರಸ್ಥರಿಗೆ. ಹೈವೇಯಗೆ ತೊಟ್ಟಿಲ್ ಇದ್ದಾಂಗೆ ಹೋತ್ತ್. ಮಣ್ಣಂಗೂ ಹೋತ್ತ್, ಆರೆ ತೋಳಂಗೆ ಶಕ್ತಿ ಬೇಕ್." ಆಮೇಲೆ ಅವಳ ಕಡೆ ತಿರುಗಿದ. "ನೀವ್ ಎಂತ ಹೇಳ್ತ್ರಿ ಅಕ್ಕಾ? ಮನೆಯೋರಲ್ದಾ?"

"ಅಲ್ಲ." ಅವಳು ಬೇಗ ಅಂದಳು. ಬಹಳ ಬೇಗ.

ರತನ್ ಸೀಟಿನ ಧೂಳು ಒರೆಸುತ್ತಿದ್ದ. ಅವನ ಕೈ ಒಂದು ಕ್ಷಣ ನಿಂತು ಮತ್ತೆ ಒರೆಸಿತು.

ಅವನು ಮೊದಲು ಸಪೂರದ್ದನ್ನು ತೆಗೆದುಕೊಂಡು ಹೋದ. ಯಾರ್ಡಿನ ಹಿಂದೆ ಗದ್ದೆ ಇತ್ತು, ಕೊಯ್ಲು ಮುಗಿದು ಒಣಗಿದ್ದು. ಅವನು ಅಂಚು ಹಾರಿಸಿ ಗದ್ದೆಗಿಳಿದ, ನಿಂತುಕೊಂಡೇ ಓಡಿಸಿದ, ತಿರುಗಿ ಬರುವಾಗ ಅವನ ಮುಖದಲ್ಲಿ ನಗು. ಅವನ ಬೆನ್ನಿನಲ್ಲಿ ಯಾರೂ ಇರಲಿಲ್ಲ. ಎಷ್ಟು ಹಗುರವಾಗಿದ್ದ!

ಆಮೇಲೆ ದೊಡ್ಡದು. ಅದರ ಮೇಲೆ ಅವನು ಬೇರೆ ಮನುಷ್ಯ. ಹೊಂಡ ನೋಡಿ, ಕಲ್ಲು ನೋಡಿ, ಉಸಿರು ಹಿಡಿದು, ನಿಧಾನಕ್ಕೆ. ಹಿಂದೆ ಯಾರೋ ಕೂತಿದ್ದಾರೆ ಅನ್ನುವ ಹಾಗೆ. ಒಂದು ಕಡೆ ವಾಲಿದಾಗ ಕಾಲು ಕೊಟ್ಟು ನಿಲ್ಲಿಸಿದ, ಹಣೆಯಲ್ಲಿ ಬೆವರು.

ಅವಳು ಎರಡನ್ನೂ ನೋಡಿದಳು. ಅವಳಿಗೆ ನೋಡುವುದು ಗೊತ್ತಿತ್ತು.

ಆ ಉದ್ದ ಸೀಟನ್ನು ಅವಳು ಕಣ್ಣಲ್ಲೇ ಅಳೆದಾಗಿತ್ತು. ಮುಂದೆ ಇವರು. ನಡುವೆ ಅಪ್ಪಯ್ಯ, ಕಾಲು ಚಾಚಿ ಕೂರಬಹುದು. ಹಿಂದೆ ನಾನು, ಹಿಡಿ ಹಿಡಿದುಕೊಂಡು. ಅದೇ ಬೇಕು ಅಂತ ಒಂದು ಮಾತು ಹೇಳಿದರೆ ಇವರು ಅದನ್ನೇ ತೆಗೆದುಕೊಳ್ಳುತ್ತಾರೆ. ವರ್ಷಗಟ್ಟಲೆ ನಮ್ಮನ್ನು ಹೊರುತ್ತಾರೆ. ಮದುವೆ ಬಿಟ್ಟು, ಮನೆ ಬಿಟ್ಟು, ಉಸಿರು ಹಿಡಿದುಕೊಂಡು.

"ಹೇಳಿ," ಅಂದ ಅವನು. "ಯಾವ್ದ್?"

"ಸಪೂರದ್ದೇ ಲಾಯ್ಕ್ ಇತ್ತ್."

"ಅದ್ರ ಸೀಟ್ ಸಣ್ಣ ಅಲ್ದಾ... ಇಬ್ರ್ ಕೂಕಂಬುದೇ ಕಷ್ಟ."

ಅವಳು ತನ್ನ ಚಪ್ಪಲಿ ನೋಡಿಕೊಂಡಳು. ಒಳಗಿನಿಂದ ಮಾತು ಕಿತ್ತು ತೆಗೆದಳು.

"ನಿಮ್ಗೆ ಒಬ್ರಿಗೆ ಅಲ್ದಾ."

ಪ್ರೇಮಾನಂದ ಎಲೆಯಡಿಕೆ ಉಗಿಯಲು ಆಚೆ ಹೋದ. ಹೈವೇಯಲ್ಲಿ ಒಂದು ಲಾರಿ ಹೋಯಿತು.

"ಹೌದ್," ಅಂದ ರತನ್. "ನಂಗೆ ಒಬ್ಬಂಗೇ."

ಗಾಡಿ ತೆಗೆದುಕೊಳ್ಳದೆಯೇ ಬಸ್ಸಿನಲ್ಲಿ ತಿರುಗಿ ಬರುವಾಗ ಅವಳು ಹಿಂದಕ್ಕೆ ನೋಡಲಿಲ್ಲ. ನೋಡಿದ್ದರೆ, ಅವನು ಕಿಟಕಿಗೆ ತಲೆಯಾನಿಸಿ, ದಾರಿಯನ್ನೂ ನೋಡದೆ, ತನ್ನ ಅಂಗೈಯನ್ನೇ ನೋಡುತ್ತಾ ಕೂತದ್ದು ಕಾಣುತ್ತಿತ್ತು.

*

ಆಮೇಲೆ ಅವನು ಬರಲಿಲ್ಲ.

ಅಪ್ಪಯ್ಯನ ಫೋನಿಗೆ ಒಮ್ಮೆ ಮಾತ್ರ ಕರೆ ಮಾಡಿ ಹೇಳಿದ್ದ. ಸ್ವಲ್ಪ ದಿನ ಬೇರೆ ಕಡೆಯ ಡ್ಯೂಟಿ, ಅಲ್ಲಿಯ ತನಕ ಹೇಗಾದರೂ ಸುಧಾರಿಸಿಕೊಳ್ಳಿ ಅಂತ. ಮತ್ತೆ ಕುರ್ಚಿ ಬಂತು. ಮುಂದೆ ಬಚ್ಚಣ್ಣ, ಹಿಂದೆ ಸ್ನೇಹಲತಾ. ಟಾರು ಮುಟ್ಟುವ ಹೊತ್ತಿಗೆ ಅವಳ ತೋಳು ತನ್ನದಲ್ಲ ಅನ್ನಿಸುತ್ತಿತ್ತು.

ನಾನೇ ಕಳಿಸಿದೆ. ಮತ್ತೆ ಯಾಕೆ ಕಿವಿ ದಾರಿಯ ಮೇಲೆ?

ಒಂದು ಬೆಳಿಗ್ಗೆ ಕುರ್ಚಿ ಇಳಿಸಿ ಬೀಡಿ ಹಚ್ಚಿದ ಬಚ್ಚಣ್ಣ ಸುದ್ದಿ ತೆಗೆದ.

"ಹ್ವಾಯ್ ಮಂಜಣ್ಣ, ನಿಮ್ಮ ರಕ್ತದ ಮಾಣಿಗೆ ಎಂತ ಆಯ್ತ್ ಮಾರ್ರೆ? ನಿನ್ನೆ ಆಚೆ ಗುಡ್ಡೆಯಗೆ ಕಂಡೆ. ಎತ್ತರದ್ದೊಂದ್ ಹೊಸ ಗಾಡಿ. ಹತ್ತುದ್, ಇಳೂದ್, ಮತ್ತೆ ಹತ್ತುದ್. ಹಿಂದೆ ಒಂದ್ ಚೀಲ ಬೇರೆ ಕಟ್ಕಂಡಿದ. ಕೆಲ್ಸ ಇಲ್ದಿದ್ರೆ ಹೀಂಗೇ ಕಾಣಿ."

"ಪ್ರಾಯದ ಮಾಣಿಯಲೆ," ಅಂದ ಅಪ್ಪಯ್ಯ. ಅಷ್ಟೇ ಅಂದ. ಆದರೆ ಮಗಳ ಮುಖ ನೋಡಿದ.

ಎತ್ತರದ ಗಾಡಿ. ತೆಗೆದುಕೊಂಡರು ಹಾಗಾದರೆ... ಸಪೂರದ್ದೇ. ನಾನು ಹೇಳಿದ್ದನ್ನೇ. ಗುಡ್ಡದ ಮೇಲೆ ಹಗುರಾಗಿ ಓಡಿಸುತ್ತಿದ್ದಾರೆ. ಒಳ್ಳೆಯದಾಯಿತು.

ಒಳ್ಳೆಯದಾಯಿತು ಅಂತ ಅವಳು ಆ ಇಡೀ ದಾರಿ ಹೇಳಿಕೊಂಡಳು. ಕುರ್ಚಿಯ ಕಾಲು ಅಂಗೈಗೆ ಒತ್ತುತ್ತಲೇ ಇತ್ತು.

ಮಳೆ ಹತ್ತಿರ ಬರುತ್ತಿತ್ತು. ಮಳೆಗಾಲದಲ್ಲಿ ಈ ದಾರಿಯಲ್ಲಿ ಕುರ್ಚಿಯೂ ಆಗುವುದಿಲ್ಲ. ಕೋಟದಲ್ಲಿದ್ದ ಅಕ್ಕು ಅತ್ತೆ, ಅಪ್ಪಯ್ಯನ ತಂಗಿ, ತಾನೇ ಬಂದು ಅಣ್ಣನ ಬಟ್ಟೆ ಕಟ್ಟಿದಳು. ಅವಳ ಮನೆಯೆದುರೇ ಬಸ್ಸು ನಿಲ್ಲುತ್ತದೆ. ಕಾರ್ಖಾನೆಯ ಲೆಕ್ಕ ಮುಗಿಸಿ, ಕೋಳಿಗಳನ್ನು ಬಚ್ಚಣ್ಣನ ಮನೆಗೆ ಬಿಟ್ಟು, ಸ್ನೇಹಲತಾ ಆಮೇಲೆ ಹೋಗುವುದೆಂದು ಮಾತಾಯಿತು.

ಹೊರಡುವಾಗ ಕುರ್ಚಿಯಲ್ಲಿ ಕೂತು ಅಪ್ಪಯ್ಯ ಅಂದ, "ಅವ ಬಂದ್ರೆ ಹೇಳ್ ಮಗಾ, ನಾನ್ ಕೋಟದಗೆ ಇದ್ದೆ ಅಂತ."

"ಯಾರ್?"

"ಯಾರಾ?" ಅಂದ ಅಪ್ಪಯ್ಯ. "ನಿನ್ನ ಕಿವಿ ಯಾರಿಗ್ ಕಾಯ್ತ್ ಅಂತ ನಿಂಗೇ ಗೊತ್ತಿಲ್ಯಾ?"

*

ಎರಡು ದಿನದ ಮೇಲೆ, ಅವಳು ಬಾಗಿಲಿಗೆ ಬೀಗ ಹಾಕಿ, ಚೀಲ ಹೆಗಲಿಗೇರಿಸುವಾಗ, ಕೆಳಗೆ ಸದ್ದು ಕೇಳಿಸಿತು. ಗುರುತಿಲ್ಲದ ಇಂಜಿನ್. ದಪ್ಪ ಸದ್ದು. ನಿಧಾನಕ್ಕೆ, ಹೊಂಡಕ್ಕೊಮ್ಮೆ ತಡೆದು, ಮತ್ತೆ ಏರಿ... ಬಿದ್ದ ತಿರುವಿಗೆ ಬಂತು. ಅವಳ ಉಸಿರು ನಿಂತಿತು. ತಿರುವು ದಾಟಿತು.

ಅಂಗಳಕ್ಕೆ ಬಂದದ್ದು ದೊಡ್ಡ ಗಾಡಿ.

ಅಗಲದ ಟ್ಯಾಂಕು. ಹಿಂದೆ ಕಬ್ಬಿಣದ ಹಿಡಿ. ಟಯರು ಮಾತ್ರ ಬೇರೆ, ಮಣ್ಣು ಕಚ್ಚುವ ದಪ್ಪ ಹಲ್ಲಿನದು. ಉದ್ದ ಸೀಟಿನ ನಡುವೆ ಒಂದು ಅಕ್ಕಿ ಚೀಲ, ಹೆಗಲಿಗೆ ಹಾಕುವ ಬೈರಾಸಿನಲ್ಲಿ ರತನ್‌ನ ಸೊಂಟಕ್ಕೆ ಬಿಗಿದು ಕಟ್ಟಿದ್ದು.

ಅವನು ಇಳಿಯಲು ಹೋಗಿ ಚೀಲದೊಟ್ಟಿಗೆ ಸಿಕ್ಕಿಹಾಕಿಕೊಂಡ. ಗಂಟು ಬಿಚ್ಚುತ್ತಾ ತಲೆ ತಗ್ಗಿಸಿಯೇ ಮಾತಾಡಿದ.

"ನೀವ್ ಹೇಳದ್ದ್ ಇದಲ್ಲ. ಗೊತ್ತಿತ್ತ್."

"ಮತ್ತೆ..."

"ಅದ್ರಗೆ ಮೂರ್ ಜನ ಹಿಡಿತಿಲ್ಲೆ."

ಅವಳು ಚೀಲದ ಕಡೆ ನೋಡಿದಳು.

"ಅದ್ ಮಂಜಣ್ಣ," ಅಂದ ಅವನು. "ಅಲ್ಲ, ಅಕ್ಕಿ. ಅವ್ರಷ್ಟೇ ಭಾರ ಆಪಾಂಗೆ ತುಂಬ್ಸಿದೆ. ಮತ್ತೊಮ್ಮೆ ಅವ್ರನ್ನ ಬೀಳ್ಸುಕಾಗ ಅಲ್ದಾ... ಆಚೆ ಗುಡ್ಡೆಯಗೆ ದಿನಾ ಕಲ್ತೆ. ಶುರುವಿಗೆ ಅಕ್ಕಿ ಎಲ್ಲ ದಾರಿ ಮೇಲೆ. ಊರ ಕೋಳಿಗೆಲ್ಲ ಹಬ್ಬ. ಈ ವಾರ ಒಂದ್ ಕಾಳೂ ಬೀಳ್ಲಿಲ್ಲೆ. ಹಾಂಗಾಗಿ ಇವತ್ ಬಂದೆ."

ಅವನ ಎರಡೂ ಮೊಣಕೈಯಲ್ಲಿ ಒಣಗಿದ ಗಾಯ, ಅದರ ಮೇಲೆ ಹೊಸ ಗಾಯ. ಅವಳು ಅದನ್ನೇ ನೋಡಿದಳು.

"ಅಪ್ಪಯ್ಯ ಕೋಟದಗೆ. ಅತ್ತೆ ಮನೆಯಗೆ. ಮಳೆಗಾಲ ಮುಗಿವಲ್ಲಿವರೆಗೆ."

"ಹೌದಾ." ಅವನು ಗಂಟು ಬಿಚ್ಚುವುದನ್ನು ನಿಲ್ಲಿಸಿದ. "ಒಳ್ಳೆದೇ ಆಯ್ತ್. ಅಲ್ಲಿ ಟಾರೇ ಅಲ್ದಾ... ಈ ಗಾಡಿ ಬೇಕಾತಿಲ್ಲೆ." ಸ್ವಲ್ಪ ನಿಂತು ಅಂದ, "ನೀವೂ ಹೊರಟ್ರ್ಯಾ?"

"ಹ್ಞೂಂ."

ಅವನು ಚೀಲವನ್ನು ಎತ್ತಿ ಜಗಲಿಯ ಮೇಲೆ ಇಟ್ಟ. ಇನ್ನೇನೂ ಹೇಳಲಿಕ್ಕಿಲ್ಲದವನ ಹಾಗೆ ಕೈ ಕೊಡವಿದ. ಬೈಕಿನ ಕಡೆ ತಿರುಗಿದ.

ಈಗ ನಡುವೆ ಯಾರೂ ಇಲ್ಲ. ಎಂತ ಹೇಳ್ದ್ರ್ ಅಂತ ಕೇಳಲು ಅಪ್ಪಯ್ಯ ಇಲ್ಲ. ಅವಳ ಮಾತನ್ನು ಮುಂದಕ್ಕೆ ದಾಟಿಸುವವರೂ ಇಲ್ಲ. ಅವಳು ಹೇಳದಿದ್ದರೆ ಈ ಗಾಡಿ ಇಳಿದು ಹೋಗುತ್ತದೆ.

"ಆ ದಿನ ನಂಗೆ..." ಅವಳ ಧ್ವನಿ ಅವಳಿಗೇ ಕೇಳಿಸಲಿಲ್ಲ. ಮತ್ತೆ ಅಂದಳು. "ಆ ದಿನ ನಂಗೆ ಇದೇ ಲಾಯ್ಕ್ ಕಂಡಿತ್. ಇದೇ."

ಅವನು ತಿರುಗಿದ.

"ಮತ್ತೆಂತಕೆ ಹಾಂಗ್ ಹೇಳ್ದ್ರಿ?"

"ನೀವ್ ಫೋನಂಗೆ ಮಾತಾಡುದ್ ಕೇಳ್ತ್. ಹೆಣ್ಣ್ ಕಾಂಬುದ್ ಬ್ಯಾಡ ಅಂದ್ರಿ. ನಮ್ಮನ್ನ ಹೊತ್ಕಂಡ್ ತಿರ್ಗಿ ನಿಮ್ಮ ಮದಿ ತಪ್ಪುದ್ ಬ್ಯಾಡ ಅಂತ... ಸಪೂರದ್ರ ಮೇಲೆ ನೀವ್ ನಗ್ತಾ ಇದ್ರಿ."

ರತನ್ ಜಗಲಿಯ ಅಂಚಿಗೆ, ಅಕ್ಕಿ ಚೀಲದ ಪಕ್ಕ ಕೂತ. ದಣಿದವನ ಹಾಗೆ ಮುಖ ಉಜ್ಜಿಕೊಂಡ.

"ಆ ಸಂಜೆ ಮನೆಗ್ ಹೋಯಿ ಅಮ್ಮನ ಹತ್ರ ಹೆಣ್ಣ್ ಯಾರ್ ಅಂತ ಹೇಳ್ಬೇಕು ಅಂದ್ಕಂಡಿದ್ದೆ," ಅಂದ. "ನೀವ್ ಒಬ್ರಿಗೆ ಅಲ್ದಾ ಅಂದ್ರಿ. ನನ್ನ ಬೆನ್ನಿನ ಹಿಂದೆ ಕೂಕಂಬುಕೆ ಇವ್ರಿಗೆ ಮನಸ್ಸಿಲ್ಲೆ ಅಂದ್ಕಂಡೆ. ಆದ್ರೂ ಅಮ್ಮನ ಹತ್ರ ಹೇಳ್ದೆ."

"ಎಂತ ಹೇಳ್ದ್ರಿ?"

"ಯಾರ್ ಅಂತ."

ಗೇರುಮರದಲ್ಲಿ ಒಂದು ಹಕ್ಕಿ ಕೂಗಿ ಸುಮ್ಮನಾಯಿತು. ಅವಳು ಕಪ್ಪಾದ ಬೆರಳುಗಳನ್ನು ಸೆರಗಿನೊಳಗೆ ಎಳೆದುಕೊಳ್ಳಲು ಹೋದಳು. ಆಮೇಲೆ ಬಿಟ್ಟಳು. ನೋಡಲಿ.

"ಅಮ್ಮ ಎಂತ ಹೇಳ್ದ್ರ್?"

"ಅಮ್ಮಂಗ್ ಹೇಳದ್ದಾಯ್ತ್, ಆ ಹೆಣ್ಣಿಗೆ ಹೇಳದ್ಯಾ ಅಂತ ಕೇಂಡ್ರ್." ಅವನು ನಕ್ಕ. "ಹೇಳುದ್ ಹ್ಯಾಂಗೆ? ಯಾವಾಗ್ಲೂ ನಡುವೆ ಮಂಜಣ್ಣ."

ಅವಳು ನಗಬೇಕೆಂದಿದ್ದಳು. ಬಂದದ್ದು ಅಳು. ಬೆಂಚಿನ ಮೇಲೆ ಬನ್ಸ್ ತಿನ್ನುವಾಗ ಬಂದ ಅದೇ ಅಳು. ಅದು ದಣಿವಿನದ್ದಲ್ಲ ಅಂತ ಈಗ ಗೊತ್ತಾಯಿತು. ಅವನು ಎದ್ದು ಬಂದು ಅವಳ ಹೆಗಲಿನ ಚೀಲ ತೆಗೆದುಕೊಂಡ. ಅಷ್ಟೇ ಮಾಡಿದ. ಅವಳ ಹೆಗಲು ಎಷ್ಟೋ ದಿನದ ಮೇಲೆ ಖಾಲಿಯಾಯಿತು.

"ಕೋಟಕ್ ಬಿಡ್ತೆ," ಅಂದ. "ಹತ್ತ್."

ಅವನು ಏಕವಚನಕ್ಕೆ ಇಳಿದದ್ದನ್ನು ಇಬ್ಬರೂ ಗಮನಿಸಿದರು.

*

ಬೈಕು ಹಾಡಿಯ ದಾರಿ ಇಳಿಯಿತು. ಜಲ್ಲಿಯ ಮೇಲೆ ಟಯರಿನ ಹಲ್ಲು ಕಚ್ಚಿ ಕಚ್ಚಿ ಹಿಡಿಯಿತು. ತಿರುವು ದಾಟುವಾಗ ಅವನು ಉಸಿರು ಹಿಡಿದ, ಅವಳೂ ಹಿಡಿದಳು. ಇಬ್ಬರೂ ಒಟ್ಟಿಗೆ ಬಿಟ್ಟರು.

ಟಾರಿಗೆ ಬಂದ ಮೇಲೆ ಅವನು ಕನ್ನಡಿಯಲ್ಲಿ ನೋಡಿದ. ಅವಳು ಸೀಟಿನ ತುದಿಯಲ್ಲಿ, ಹಿಂದಿನ ಹಿಡಿ ಹಿಡಿದು ಕೂತಿದ್ದಳು. ಅವನು ಟ್ಯಾಂಕಿಗೆ ಒತ್ತಿ ಕೂತಿದ್ದ. ನಡುವೆ ಒಬ್ಬರು ಕೂರುವಷ್ಟು ಜಾಗ ಖಾಲಿ.

"ಅಲ್ಲಿ ಯಾರ್ ಕೂತಿದ್ರ್?"

ಅವಳು ಕೆಳಗೆ ನೋಡಿದಳು. ಗೊತ್ತೇ ಆಗಿರಲಿಲ್ಲ. ಮೈಗೆ ಅಭ್ಯಾಸ ಆಗಿಬಿಟ್ಟಿತ್ತು. ಅಪ್ಪಯ್ಯನ ಕೈ ಇಡಲು ಅಂಗೈಯನ್ನೂ ತೆರೆದು ಇಟ್ಟುಕೊಂಡಿದ್ದಳು.

"ಅಪ್ಪಯ್ಯ," ಅಂದಳು.

"ಕೋಟದ ತನಕ ಅವ್ರ್ ಇಲ್ಯಲೆ."

ಅವಳು ತಡೆದಳು. ಆಮೇಲೆ ಸ್ವಲ್ಪ ಮುಂದೆ ಸರಿದಳು. ಮತ್ತೆ ಸ್ವಲ್ಪ. ಇಷ್ಟು ದಿನ ದೂರದಿಂದ ನೋಡಿದ ಕುತ್ತಿಗೆ ಹತ್ತಿರ ಬಂತು. ಬಿಸಿಲಿನ, ಡೆಟ್ಟಾಲಿನ, ಮಣ್ಣಿನ ವಾಸನೆ. ತೆರೆದೇ ಇದ್ದ ಅಂಗೈಯನ್ನು ಅವನ ಹೆಗಲ ಮೇಲಿಟ್ಟಳು. ಆಮೇಲೆ ತಲೆಯನ್ನು ಅವನ ಬೆನ್ನಿಗೆ ಆನಿಸಿದಳು. ಮರವಂತೆ ದಾಟುವಾಗ ಒಂದು ಬದಿಯ ಸಮುದ್ರವನ್ನೂ ಇನ್ನೊಂದು ಬದಿಯ ಹೊಳೆಯನ್ನೂ ಅವಳು ನೋಡಲಿಲ್ಲ. ನಿದ್ದೆ ಮಾಡಿದ್ದಳು.

ಕೋಟದಲ್ಲಿ ಅತ್ತೆಯ ಮನೆಯೆದುರು ಬೈಕು ನಿಂತಾಗ ಎಚ್ಚರವಾಯಿತು. ಜಗಲಿಯಲ್ಲಿ ಅಪ್ಪಯ್ಯ, ಎಡಗೈಯನ್ನು ದಿಂಬಿನ ಮೇಲಿಟ್ಟು ಕೂತು, ಅವರಿಬ್ಬರನ್ನು ನೋಡುತ್ತಿದ್ದ. ಗಾಡಿಯನ್ನು ನೋಡಿದ. ಸೀಟನ್ನು ನೋಡಿದ.

"ಗಾಡಿ ಲಾಯ್ಕ್ ಇತ್ತ್," ಅಂದ. "ಇದ್ರಗೆ ನಂಗೆ ಎಲ್ಲಿ ಜಾಗ ಇತ್ತ್ ಮಗಾ?"

ಸ್ನೇಹಲತಾ ಇಳಿಯಲಿಲ್ಲ. ನಾಚಿಕೊಂಡು ಹಿಂದೆ ಸರಿದು, ಸೀಟಿನ ನಡುವಿನ ಧೂಳನ್ನು ಸೆರಗಿನಿಂದ ಒರೆಸಿದಳು.

"ಇಲ್ಲೇ ಇತ್ತಲೆ ಅಪ್ಪಯ್ಯ."

"ನಾಳೆ ಡಯಾಲಿಸಿಸ್ ಅಲ್ದಾ," ಅಂದ ರತನ್. "ಬಸ್ಸಿಗೆ ಕಾಯ್ಬೇಡಿ. ನಾನ್ ಬತ್ತೆ, ಮಾವ."

ಅಪ್ಪಯ್ಯ ಅವನ ಕಡೆ ತಿರುಗಿದ.

"ಮೊನ್ನೆವರೆಗೆ ಅಣ್ಣ ಅಂತಿದ್ದೆ ನೀನ್."

"ಹೌದ್," ಅಂದ ರತನ್. "ಆ ದಾರಿ ಸರಿ ಇರ್ಲಿಲ್ಲೆ."

ಅಪ್ಪಯ್ಯ ಒಳಗೆ ತಿರುಗಿ ತಂಗಿಯನ್ನು ಕರೆದ. "ಅಕ್ಕೂ, ಮೂರ್ ಜನಕ್ಕೆ ಚಾ ಇಡ್."